ವೆಬ್ ಆ್ಯಪ್‌ನಲ್ಲಿ ಫ್ಯಾಕ್ಟರಿ ಪ್ಯಾಟರ್ನ್: ನೋಟಿಫಿಕೇಶನ್ ಕೋಡ್ ಕಟ್ಟುತ್ತಾ ಕಲಿಯುವ ಸಮಗ್ರ ಮಾರ್ಗದರ್ಶಿ

ಆನ್‌ಲೈನ್ ಅಂಗಡಿಯ ಕೋಡ್ ಹೇಗೆ ಬೆಳೆಯುತ್ತದೆ ನೋಡಿ. ಶುರುವಿನಲ್ಲಿ ಎಸ್‌ಎಂಎಸ್ ಮಾತ್ರ ಇರುತ್ತದೆ. ಲಾಗಿನ್‌ಗೆ ಒಟಿಪಿ ಬೇಕು, ಅಷ್ಟೇ. ಆಮೇಲೆ ಯಾರೋ ಬಿಲ್ ಈಮೇಲ್‌ಗೆ ಬರಲಿ ಅನ್ನುತ್ತಾರೆ. ಸ್ವಲ್ಪ ದಿನಕ್ಕೆ ವಾಟ್ಸಾಪ್ ಬೇಕು ಅನ್ನುವ ಬೇಡಿಕೆ ಬರುತ್ತದೆ. ಪ್ರತಿ ಸಲವೂ ಕೋಡಿಗೆ ಒಂದು ಇಫ್ ("ಹೀಗಿದ್ದರೆ ಇದನ್ನು ಮಾಡು" ಅನ್ನುವ ಷರತ್ತು) ಸೇರುತ್ತದೆ. ಲಾಗಿನ್ ಫೈಲಿನಲ್ಲಿ ಒಂದು, ಆರ್ಡರ್ ಫೈಲಿನಲ್ಲಿ ಒಂದು, ಪಾಸ್‌ವರ್ಡ್ ಮರೆತವರ ಪುಟದಲ್ಲಿ ಮತ್ತೊಂದು. ಎಲ್ಲವೂ ನೋಡಲು ಒಂದೇ ಥರ, ಆದರೆ ಪೂರ್ತಿ ಒಂದೇ ಅಲ್ಲ. ಒಂದು ಕಡೆ ಎಪಿಐ ಕೀ (ಮೆಸೇಜ್ ಕಳಿಸುವ ಸೇವೆ ಬಳಸಲು ಬೇಕಾದ ಗುಟ್ಟಿನ ಪದ) ಬದಲಾಯಿಸಿ ಇನ್ನೊಂದು ಕಡೆ ಮರೆತರೆ ಆಯ್ತು: ಒಟಿಪಿ ಹೋಗುತ್ತದೆ, ಆರ್ಡರ್ ಮೆಸೇಜ್ ಹೋಗುವುದಿಲ್ಲ.

ಇಂಥ ಕಡೆ ಫ್ಯಾಕ್ಟರಿ ಪ್ಯಾಟರ್ನ್ ಉಪಯೋಗಕ್ಕೆ ಬರುತ್ತದೆ. ಯಾವ ಆಬ್ಜೆಕ್ಟ್ ಬೇಕು, ಅದನ್ನು ಹೇಗೆ ಕಟ್ಟಬೇಕು ಅನ್ನುವ ತೀರ್ಮಾನವನ್ನು ಒಂದೇ ಜಾಗಕ್ಕೆ ತರುವುದು ಇದರ ಕೆಲಸ. ನೀವು ಇದನ್ನು ಈಗಾಗಲೇ ಬಳಸಿರುತ್ತೀರಿ. ಬ್ರೌಸರಿನ ಕ್ರಿಯೇಟ್‌ಎಲಿಮೆಂಟ್‌ಗೆ "ಡಿವ್" ಅಂತ ಕೊಟ್ಟರೆ ಒಂದು ಬಗೆಯ ಆಬ್ಜೆಕ್ಟ್ ಸಿಗುತ್ತದೆ, "ಇನ್‌ಪುಟ್" ಅಂತ ಕೊಟ್ಟರೆ ಬೇರೆ ಬಗೆಯದು. ಒಳಗೆ ಯಾವ ಕ್ಲಾಸ್ ಇದೆ ಅಂತ ನೀವು ಕೇಳಲಿಲ್ಲ, ಅಲ್ವಾ? ನೋಡ್‌ಜೆಎಸ್‌ನ ಕ್ರಿಯೇಟ್‌ಸರ್ವರ್, ಪಿಎಚ್‌ಪಿಯಲ್ಲಿ ದಿನಾಂಕದ ಆಬ್ಜೆಕ್ಟ್ ಕಟ್ಟುವ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಕೂಡ ಇದೇ ಜಾತಿಯವು.

ಇಲ್ಲಿ ಕೊಟ್ಟಿರುವ ಕೋಡ್ ಕನ್ನಡದಲ್ಲೇ ಬರೆದ ಸೂಡೋಕೋಡ್, ಅಂದರೆ ಯಾವ ಭಾಷೆಯದೂ ಅಲ್ಲದ ಮಾದರಿ ಕೋಡ್. "ಹೊಸ" ಅಂದರೆ ಕನ್‌ಸ್ಟ್ರಕ್ಟರ್ (ಕ್ಲಾಸಿನಿಂದ ಆಬ್ಜೆಕ್ಟ್ ಕಟ್ಟುವ ಮೆಥಡ್) ಕರೆಯುವುದು, "ಕೊಡು" ಅಂದರೆ ರಿಟರ್ನ್, "ಆದರೆ" ಅಂದರೆ ಇಫ್. ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಪೈಥಾನ್ ಯಾವುದಕ್ಕಾದರೂ ಸಾಲು ಸಾಲಾಗಿ ಹೊಂದಿಸಿಕೊಳ್ಳಬಹುದು. ಭಾಷೆಗೆ ತಕ್ಕಂತೆ ಎಚ್ಚರ ಬೇಕಾದಲ್ಲಿ ಹೇಳುತ್ತೇನೆ.

ಹಂತ 1: ಈಗಿನ ಕೋಡ್ ಹುಡುಕಿ ಎಣಿಸಿ

ಎಡಿಟರಿನಲ್ಲಿ ಇಡೀ ಪ್ರಾಜೆಕ್ಟ್ ಹುಡುಕಿ. ಎಸ್‌ಎಂಎಸ್ ಕ್ಲಾಸನ್ನು ನೇರವಾಗಿ ಕಟ್ಟಿರುವ ಜಾಗಗಳು ಎಷ್ಟು? ಈಮೇಲ್ ಎಷ್ಟು? ಸಾಮಾನ್ಯವಾಗಿ ಸಿಗುವುದು ಇಂಥ ತುಣುಕು:

```
ಚಾನೆಲ್ == "ಎಸ್‌ಎಂಎಸ್" ಆದರೆ:
    ಸೆಂಡರ್ = ಹೊಸ ಎಸ್‌ಎಂಎಸ್_ಸೆಂಡರ್(ಎಪಿಐ_ಕೀ, ಹೆಡರ್)
    ಸೆಂಡರ್.ಎಸ್‌ಎಂಎಸ್_ಹಾಕು(ಫೋನ್, ಟೆಂಪ್ಲೇಟ್_ಐಡಿ, ಪಠ್ಯ)
ಚಾನೆಲ್ == "ಈಮೇಲ್" ಆದರೆ:
    ಸೆಂಡರ್ = ಹೊಸ ಈಮೇಲ್_ಸೆಂಡರ್(ಸರ್ವರ್, ಪೋರ್ಟ್, ಪಾಸ್‌ವರ್ಡ್)
    ಸೆಂಡರ್.ಮೇಲ್_ಮಾಡು(ವಿಳಾಸ, ವಿಷಯ, ಪಠ್ಯ)
```

ಒಂದೇ ಜಾಗದಲ್ಲಿ ಸಿಕ್ಕಿದರೆ ಇಲ್ಲಿಗೇ ನಿಲ್ಲಿಸಿ. ನಿಮಗೆ ಫ್ಯಾಕ್ಟರಿ ಬೇಡ. ಒಂದೇ ಬಗೆಯ ಸೆಂಡರ್ (ಮೆಸೇಜ್ ಕಳಿಸುವ ಆಬ್ಜೆಕ್ಟ್) ಇದ್ದು, ಎರಡನೆಯದು ಬರುವ ಸೂಚನೆಯೂ ಇಲ್ಲದಿದ್ದರೆ ಆಗಲೂ ಬೇಡ. "ಮುಂದೆ ಬೇಕಾಗಬಹುದು" ಅಂತ ಸುಮ್ನೆ ಕಟ್ಟಿದ ಫ್ಯಾಕ್ಟರಿಗಳು ಓದುವವರಿಗೆ ಒಂದು ಫೈಲ್ ಜಾಸ್ತಿ ತೆರೆಸುತ್ತವೆಯೇ ಹೊರತು ಬೇರೇನೂ ಮಾಡುವುದಿಲ್ಲ.

ಎರಡು ಮೂರು ಕಡೆ ಸಿಕ್ಕಿದರೆ ಮುಂದುವರಿಯಿರಿ. ಅದಕ್ಕೂ ಮೊದಲು ಮೇಲಿನ ತುಣುಕನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಎರಡು ತೊಂದರೆಗಳಿವೆ. ಕಟ್ಟುವ ರೀತಿ ಬೇರೆ ಬೇರೆ ಅನ್ನುವುದು ಒಂದು. ಕಟ್ಟಿದ ಮೇಲೆ ಬಳಸುವ ರೀತಿಯೂ ಬೇರೆ ಅನ್ನುವುದು ಎರಡನೆಯದು. ಫ್ಯಾಕ್ಟರಿ ಮೊದಲನೆಯದನ್ನು ಮಾತ್ರ ಸರಿಮಾಡುತ್ತದೆ. ಬಹಳಷ್ಟು ಪಾಠಗಳು ಎರಡನೆಯದನ್ನು ಹಾರಿಸಿ ನೇರ ಫ್ಯಾಕ್ಟರಿ ಕ್ಲಾಸ್ ಬರೆಸುತ್ತವೆ. ಆಗ ಫ್ಯಾಕ್ಟರಿ ಇದ್ದರೂ, ಕರೆಯುವ ಕಡೆ ಅದೇ ಇಫ್ ಸಾಲು ಉಳಿದೇ ಇರುತ್ತದೆ.

ಹಂತ 2: ಎಲ್ಲ ಸೆಂಡರ್‌ಗಳಿಗೂ ಒಂದೇ ಕರಾರು

ನಿಜವಾದ ಕೆಲಸ ಇರುವುದು ಇಲ್ಲೇ. ಎಲ್ಲ ಸೆಂಡರ್‌ಗಳಿಗೂ ಒಂದೇ ಮೆಥಡ್ ಇರಬೇಕು. ಪಿಎಚ್‌ಪಿ, ಟೈಪ್‌ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಇಂಟರ್‌ಫೇಸ್ (ಯಾವ ಮೆಥಡ್ ಇರಲೇಬೇಕು ಅನ್ನುವ ಪಟ್ಟಿ) ಬರೆಯುತ್ತೀರಿ. ಪೈಥಾನ್‌ನಲ್ಲಿ ಪ್ರೋಟೋಕಾಲ್ ಅಥವಾ ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್. ಬರಿ ಜಾವಾಸ್ಕ್ರಿಪ್ಟ್‌ನಲ್ಲಿ ಅದು ಬಾಯಿಮಾತಿನ ಒಪ್ಪಂದ, ಅದಕ್ಕೇ ಟೆಸ್ಟ್ ಬೇಕಾಗುತ್ತದೆ.

ಮೊದಲು ಹೊಳೆಯುವುದು ಹೀಗೆ: ಕಳಿಸು(ಫೋನ್, ಪಠ್ಯ). ಆದರೆ ಈಮೇಲ್‌ಗೆ ಫೋನ್ ನಂಬರ್ ಇಟ್ಟುಕೊಂಡು ಏನು ಮಾಡುವುದು? ಅದಕ್ಕೆ ವಿಳಾಸ ಬೇಕು, ವಿಷಯದ ಸಾಲು ಬೇಕು. ಹಾಗಂತ ಕಳಿಸು(ಫೋನ್, ವಿಳಾಸ, ವಿಷಯ, ಟೆಂಪ್ಲೇಟ್_ಐಡಿ, ಪಠ್ಯ) ಅಂತ ಎಲ್ಲವನ್ನೂ ತುರುಕಿದರೆ ಹೊಸ ಚಾನೆಲ್ ಬಂದಾಗಲೆಲ್ಲ ಈ ಪಟ್ಟಿ ಉದ್ದವಾಗುತ್ತದೆ. ಕರೆಯುವವರೆಲ್ಲ ಬದಲಾಗಬೇಕು.

ನಮ್ಮ ದೇಶದಲ್ಲಿ ಇದು ಇನ್ನೂ ಬಿಗಿ. ಟೆಲಿಕಾಂ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ, ಕಂಪನಿಗಳು ಕಳಿಸುವ ಎಸ್‌ಎಂಎಸ್‌ನ ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಚಿಕ್ಕ ಪದ) ಮತ್ತು ಟೆಂಪ್ಲೇಟ್ (ಪಠ್ಯದ ಅಚ್ಚು) ಎರಡನ್ನೂ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ಅನ್ನುವ ವೇದಿಕೆಯಲ್ಲಿ ನೋಂದಾಯಿಸಬೇಕು. ಪಠ್ಯ ಟೆಂಪ್ಲೇಟಿಗೆ ಹೊಂದದಿದ್ದರೆ ಟೆಲಿಕಾಂ ಕಂಪನಿ ಮೆಸೇಜನ್ನು ತಡೆಯುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಗ್ರಾಹಕ ಕೊನೆಯದಾಗಿ ಬರೆದು 24 ಗಂಟೆ ದಾಟಿದ್ದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಕಳಿಸಬಹುದು. ಈಮೇಲ್‌ಗೆ ಇದ್ಯಾವುದೂ ಇಲ್ಲ. ಅಂದರೆ ಕರೆಯುವ ಕೋಡ್ ಪಠ್ಯವನ್ನು ತಾನೇ ಜೋಡಿಸಿ ಕೊಡುವುದೇ ತಪ್ಪು. ಅದು "ಯಾರಿಗೆ, ಯಾವ ಸಂಗತಿ, ಯಾವ ವಿವರ" ಅಂತ ಮಾತ್ರ ಹೇಳಬೇಕು:

```
ಇಂಟರ್‌ಫೇಸ್ ಸೆಂಡರ್:
    ಕಳಿಸು(ಗ್ರಾಹಕ, ಸಂದೇಶ)

ಸಂದೇಶ:
    ಬಗೆ     (ಉದಾ: "ಆರ್ಡರ್_ಖಚಿತ")
    ಭಾಷೆ    (ಉದಾ: "ಕನ್ನಡ")
    ವಿವರ    (ಆರ್ಡರ್ ನಂಬರ್, ಮೊತ್ತ ಇತ್ಯಾದಿ)
```

ಗ್ರಾಹಕ ಆಬ್ಜೆಕ್ಟಿನಲ್ಲಿ ಫೋನೂ ಇದೆ, ಈಮೇಲೂ ಇದೆ. ಯಾವುದು ಬೇಕೋ ಅದನ್ನು ಸೆಂಡರ್ ತೆಗೆದುಕೊಳ್ಳಲಿ. "ಆರ್ಡರ್_ಖಚಿತ" ಅನ್ನುವುದಕ್ಕೆ ಯಾವ ಡಿಎಲ್‌ಟಿ ಟೆಂಪ್ಲೇಟ್ ಐಡಿ ಅನ್ನುವುದು ಎಸ್‌ಎಂಎಸ್ ಸೆಂಡರ್ ಒಳಗಿನ ವಿಚಾರ. ವಿಷಯದ ಸಾಲು ಏನಿರಬೇಕು ಅನ್ನುವುದು ಈಮೇಲ್ ಸೆಂಡರ್‌ನ ತಲೆನೋವು.

ಭಾಷೆಯನ್ನು ಬೇರೆಯಾಗಿ ಇಟ್ಟಿದ್ದಕ್ಕೂ ಕಾರಣ ಇದೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಸಾಮಾನ್ಯವಾಗಿ ಯೂನಿಕೋಡ್ ಆಗಿ ಹೋಗುವುದರಿಂದ 70ಕ್ಕೇ ಮುಗಿಯುತ್ತದೆ. ಅದನ್ನು ಮೀರಿದರೆ ತುಂಡಾಗಿ, ತುಂಡಿಗೆ 67ರಂತೆ ಹೋಗುತ್ತದೆ. ಎಣಿಕೆ ಕೂಡ ನಾವು ಅಂದುಕೊಂಡಂತೆ ಇಲ್ಲ. "ಕ್ಷ" ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಮೂರು. ಹಾಗಾಗಿ ಎಸ್‌ಎಂಎಸ್‌ನ ಕನ್ನಡ ಪಠ್ಯ ಚಿಕ್ಕದಿರಬೇಕು, ಈಮೇಲ್‌ನ ಕನ್ನಡ ಪಠ್ಯ ಉದ್ದ ಇದ್ದರೂ ನಡೆಯುತ್ತದೆ. ಈ ಲೆಕ್ಕವೆಲ್ಲ ಎಸ್‌ಎಂಎಸ್ ಸೆಂಡರ್ ಒಳಗೇ ಇರಲಿ. ಆರ್ಡರ್ ಪುಟದ ಕೋಡಿಗೆ 70 ಅನ್ನುವ ಸಂಖ್ಯೆ ಗೊತ್ತಿರಬಾರದು.

ಹಂತ 3: ಫ್ಯಾಕ್ಟರಿಯನ್ನು ಒಂದು ಫಂಕ್ಷನ್ ಆಗಿ ಬರೆಯಿರಿ

ಕರಾರು ಸರಿಯಿದ್ದರೆ ಇದು ಸುಲಭ.

```
ಫಂಕ್ಷನ್ ಸೆಂಡರ್_ಮಾಡು(ಚಾನೆಲ್, ಸೆಟ್ಟಿಂಗ್):
    ಚಾನೆಲ್ == "ಎಸ್‌ಎಂಎಸ್" ಆದರೆ:
        ಹೊಸ ಎಸ್‌ಎಂಎಸ್_ಸೆಂಡರ್(ಸೆಟ್ಟಿಂಗ್.ಎಸ್‌ಎಂಎಸ್) ಕೊಡು
    ಚಾನೆಲ್ == "ಈಮೇಲ್" ಆದರೆ:
        ಹೊಸ ಈಮೇಲ್_ಸೆಂಡರ್(ಸೆಟ್ಟಿಂಗ್.ಈಮೇಲ್) ಕೊಡು
    ಚಾನೆಲ್ == "ವಾಟ್ಸಾಪ್" ಆದರೆ:
        ಹೊಸ ವಾಟ್ಸಾಪ್_ಸೆಂಡರ್(ಸೆಟ್ಟಿಂಗ್.ವಾಟ್ಸಾಪ್) ಕೊಡು
    ಎರರ್ ಎಸೆ("ಗೊತ್ತಿಲ್ಲದ ಚಾನೆಲ್: " + ಚಾನೆಲ್)
```

ಕ್ಲಾಸ್ ಯಾಕಿಲ್ಲ ಅಂತ ಕೇಳಬಹುದು. ಜಾವಾ ಹಿನ್ನೆಲೆಯವರು ಇದನ್ನು ಕ್ಲಾಸಿನೊಳಗೆ ಸ್ಟ್ಯಾಟಿಕ್ ಮೆಥಡ್ ಆಗಿ ಬರೆಯುತ್ತಾರೆ. ಜಾವಾಸ್ಕ್ರಿಪ್ಟ್, ಪೈಥಾನ್‌ನಲ್ಲಿ ಬರಿ ಫಂಕ್ಷನ್ ಸಾಕು. ಫಂಕ್ಷನ್ ಆದ ಮಾತ್ರಕ್ಕೆ ಅದು ಕಡಿಮೆ ಫ್ಯಾಕ್ಟರಿ ಆಗುವುದಿಲ್ಲ.

ಕೊನೆಯ ಸಾಲು ಮುಖ್ಯ. ಗೊತ್ತಿಲ್ಲದ ಹೆಸರು ಬಂದರೆ ನಲ್ ("ಏನೂ ಇಲ್ಲ" ಅನ್ನುವ ಬೆಲೆ) ಕೊಡಬೇಡಿ. ಕೊಟ್ಟರೆ ಎರರ್ ಇಲ್ಲಿ ಬರುವುದಿಲ್ಲ, ಹತ್ತು ಫೈಲ್ ಆಚೆ ಯಾರೋ "ಕಳಿಸು" ಕರೆದಾಗ ಬರುತ್ತದೆ. "ಗೊತ್ತಿಲ್ಲದಿದ್ದರೆ ಈಮೇಲ್ ಅಂದುಕೋ" ಅನ್ನುವ ಡೀಫಾಲ್ಟ್ ಅದಕ್ಕಿಂತ ಕೆಟ್ಟದ್ದು. ಯಾರೋ ಸೆಟ್ಟಿಂಗಿನಲ್ಲಿ ಒಂದಕ್ಷರ ತಪ್ಪು ಟೈಪ್ ಮಾಡಿದರೆ ಒಟಿಪಿಗಳೆಲ್ಲ ಸದ್ದಿಲ್ಲದೆ ಈಮೇಲ್‌ಗೆ ಹೋಗುತ್ತಿರುತ್ತವೆ. ಇಫ್ ಸಾಲಿನ ಬದಲು ಬಳಸಬಹುದಾದ, ಪಿಎಚ್‌ಪಿ 8.0ರಲ್ಲಿ ಬಂದ ಮ್ಯಾಚ್ ಇದಕ್ಕೆ ಹೇಳಿ ಮಾಡಿಸಿದ್ದು. ಯಾವ ಸಾಲೂ ಹೊಂದದಿದ್ದರೆ ತಾನೇ ಎರರ್ ಎಸೆಯುತ್ತದೆ. ಹಳೆಯ ಸ್ವಿಚ್ ಸುಮ್ಮನೆ ಮುಂದೆ ಹೋಗಿಬಿಡುತ್ತದೆ.

ಸೆಟ್ಟಿಂಗನ್ನು ಹೊರಗಿನಿಂದ ಕೊಟ್ಟಿರುವುದನ್ನೂ ಗಮನಿಸಿ. ಎನ್‌ವಿರಾನ್‌ಮೆಂಟ್ ವೇರಿಯೇಬಲ್‌ಗಳನ್ನು (ಕೋಡಿನ ಹೊರಗೆ, ಸರ್ವರಿನಲ್ಲಿ ಇಟ್ಟ ಸೆಟ್ಟಿಂಗ್‌ಗಳು) ಫ್ಯಾಕ್ಟರಿ ತಾನೇ ಓದಬಾರದು. ಆ್ಯಪ್ ಶುರುವಾಗುವಾಗ ಒಂದು ಕಡೆ ಓದಿ, ಪರೀಕ್ಷಿಸಿ, ಕೈಗೆ ಕೊಡಿ.

ಹಂತ 4: ಇಫ್ ಸಾಲು ಉದ್ದವಾದರೆ ರಿಜಿಸ್ಟ್ರಿ

ಮೂರು ಚಾನೆಲ್‌ಗೆ ಮೇಲಿನದೇ ಸಾಕು. ನಾನಾದರೆ ಐದಾರು ಆಗುವವರೆಗೂ ಮುಟ್ಟುವುದಿಲ್ಲ. ಜಾಸ್ತಿಯಾದರೆ, ಅಥವಾ ಬೇರೆ ತಂಡದವರು ತಮ್ಮ ಚಾನೆಲ್ ಸೇರಿಸಬೇಕಾದರೆ, ಹೆಸರಿಗೆ ಕಟ್ಟುವ ಫಂಕ್ಷನ್ ಜೋಡಿಸಿದ ಪಟ್ಟಿ ಮಾಡಿ:

```
ರಿಜಿಸ್ಟ್ರಿ = ಹೊಸ ಮ್ಯಾಪ್()
ರಿಜಿಸ್ಟ್ರಿ.ಸೇರಿಸು("ಎಸ್‌ಎಂಎಸ್", (ಸೆ) => ಹೊಸ ಎಸ್‌ಎಂಎಸ್_ಸೆಂಡರ್(ಸೆ.ಎಸ್‌ಎಂಎಸ್))
ರಿಜಿಸ್ಟ್ರಿ.ಸೇರಿಸು("ಈಮೇಲ್", (ಸೆ) => ಹೊಸ ಈಮೇಲ್_ಸೆಂಡರ್(ಸೆ.ಈಮೇಲ್))

ಫಂಕ್ಷನ್ ಸೆಂಡರ್_ಮಾಡು(ಚಾನೆಲ್, ಸೆಟ್ಟಿಂಗ್):
    ರಿಜಿಸ್ಟ್ರಿಯಲ್ಲಿ ಚಾನೆಲ್ ಇಲ್ಲದಿದ್ದರೆ:
        ಎರರ್ ಎಸೆ("ಗೊತ್ತಿಲ್ಲದ ಚಾನೆಲ್: " + ಚಾನೆಲ್)
    ರಿಜಿಸ್ಟ್ರಿ.ತೆಗೆ(ಚಾನೆಲ್)(ಸೆಟ್ಟಿಂಗ್) ಕೊಡು
```

ಇಲ್ಲಿ ಭದ್ರತೆಯ ಎರಡು ಮಾತು ಹೇಳಲೇಬೇಕು.

ಜಾವಾಸ್ಕ್ರಿಪ್ಟ್‌ನಲ್ಲಿ ರಿಜಿಸ್ಟ್ರಿಗೆ ಮಾಮೂಲಿ ಆಬ್ಜೆಕ್ಟ್ ಬಳಸಬೇಡಿ, ಮ್ಯಾಪ್ ಬಳಸಿ. ಖಾಲಿ ಆಬ್ಜೆಕ್ಟ್ ನಿಜವಾಗಿ ಖಾಲಿ ಇರುವುದಿಲ್ಲ. ಪ್ರೋಟೋಟೈಪ್‌ನಿಂದ (ಆಬ್ಜೆಕ್ಟ್‌ಗಳು ಗುಣ ಪಡೆಯುವ ಮೂಲ ಆಬ್ಜೆಕ್ಟ್) "ಕನ್‌ಸ್ಟ್ರಕ್ಟರ್", "ಟುಸ್ಟ್ರಿಂಗ್" ಇತ್ಯಾದಿ ಹೆಸರುಗಳು ಬಂದಿರುತ್ತವೆ. ಯಾರಾದರೂ ಚಾನೆಲ್ ಜಾಗದಲ್ಲಿ "ಕನ್‌ಸ್ಟ್ರಕ್ಟರ್" ಅಂತ ಕಳಿಸಿದರೆ "ಇದೆಯಾ?" ಅನ್ನುವ ಪರೀಕ್ಷೆ ಪಾಸಾಗಿಬಿಡುತ್ತದೆ.

ಪಿಎಚ್‌ಪಿಯಲ್ಲಿ ಅಪಾಯ ಇನ್ನೂ ದೊಡ್ಡದು. ಅಲ್ಲಿ ವೇರಿಯೇಬಲ್‌ನಲ್ಲಿರುವ ಹೆಸರಿನ ಕ್ಲಾಸನ್ನು ನೇರ ಕಟ್ಟಬಹುದು. ಯುಆರ್‌ಎಲ್‌ನಿಂದ ಬಂದ ಪದಕ್ಕೆ "ಸೆಂಡರ್" ಅಂತ ಅಂಟಿಸಿ ಕ್ಲಾಸ್ ಕಟ್ಟುವ ಕೋಡ್ ನೋಡಲು ಚೆನ್ನ, ಮೂರೇ ಸಾಲು. ಆದರೆ ಯಾವ ಕ್ಲಾಸ್ ಹುಟ್ಟಬೇಕು ಅನ್ನುವ ಅಧಿಕಾರದ ಒಂದು ಭಾಗ ಹೊರಗಿನವರ ಕೈಗೆ ಹೋಯಿತು. ಆಟೋಲೋಡರ್ (ಹೆಸರು ನೋಡಿ ಕ್ಲಾಸಿನ ಫೈಲನ್ನು ತಾನೇ ತೆರೆಯುವ ವ್ಯವಸ್ಥೆ) ಇದ್ದರೆ ನೀವು ಮರೆತೇ ಹೋದ ಲೈಬ್ರರಿಯ ಕ್ಲಾಸ್ ಕೂಡ ಸಿಗಬಹುದು. ಬಳಕೆದಾರ ಕೊಟ್ಟ ಪದ ರಿಜಿಸ್ಟ್ರಿಯಲ್ಲಿ ಹುಡುಕುವ ಕೀ ಮಾತ್ರ ಆಗಬೇಕು, ಕ್ಲಾಸಿನ ಹೆಸರು ಎಂದೂ ಆಗಬಾರದು.

ಹಂತ 5: ಒಂದೇ ಸಲ ಕಟ್ಟಬೇಕಾ, ಪ್ರತಿ ರಿಕ್ವೆಸ್ಟಿಗೂ ಕಟ್ಟಬೇಕಾ?

ಉತ್ತರ ನಿಮ್ಮ ಸರ್ವರ್ ಓಡುವ ರೀತಿಯ ಮೇಲಿದೆ. ಪಿಎಚ್‌ಪಿಯನ್ನು ಸರ್ವರಿನಲ್ಲಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಪ್ರತಿ ರಿಕ್ವೆಸ್ಟ್ ಮುಗಿದ ಮೇಲೆ ಆಬ್ಜೆಕ್ಟ್‌ಗಳೆಲ್ಲ ಹೋಗುತ್ತವೆ. ಹಾಗಾಗಿ ಬೇಕಾದಾಗ ಕಟ್ಟಿ, ತಲೆಕೆಡಿಸಿಕೊಳ್ಳಬೇಡಿ. ನೋಡ್ ಪ್ರೊಸೆಸ್ ದಿನಗಟ್ಟಲೆ ಬದುಕಿರುತ್ತದೆ. ಅಲ್ಲಿ ಪ್ರತಿ ರಿಕ್ವೆಸ್ಟಿಗೂ ಹೊಸ ಈಮೇಲ್ ಸೆಂಡರ್ ಕಟ್ಟಿದರೆ ಪ್ರತಿ ಸಲವೂ ಹೊಸ ಎಸ್‌ಎಂಟಿಪಿ (ಮೇಲ್ ಸರ್ವರ್) ಕನೆಕ್ಷನ್, ಮತ್ತೆ ಟಿಎಲ್‌ಎಸ್ (ಗೂಢಲಿಪಿ) ಮಾತುಕತೆ, ಮತ್ತೆ ಲಾಗಿನ್. ಒಮ್ಮೆ ಕಟ್ಟಿ ಇಟ್ಟುಕೊಳ್ಳುವುದೇ ಸರಿ.

ಇಟ್ಟುಕೊಂಡರೆ ಒಂದು ಎಚ್ಚರ ಬೇಕು. ಎಲ್ಲರೂ ಹಂಚಿಕೊಳ್ಳುವ ಸೆಂಡರ್ ಒಳಗೆ ಗ್ರಾಹಕನ ಮಾಹಿತಿ ಉಳಿಯಬಾರದು. "ಈಗಿನ_ಗ್ರಾಹಕ" ಅನ್ನುವ ಫೀಲ್ಡ್ ಇದ್ದರೆ ಒಬ್ಬರ ಬಿಲ್ ಇನ್ನೊಬ್ಬರಿಗೆ ಹೋಗುವ ದಿನ ದೂರವಿಲ್ಲ.

ಫ್ಯಾಕ್ಟರಿ ಬೇಕೇ ಬೇಕು ಅನ್ನುವ ಇನ್ನೊಂದು ಸಂದರ್ಭವೂ ಇಲ್ಲೇ ಬರುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಕನ್‌ಸ್ಟ್ರಕ್ಟರ್ ಅಸಿಂಕ್ (ಹೊರಗಿನ ಉತ್ತರಕ್ಕೆ ಅವೇಟ್ ಅಂತ ಕಾಯಬಲ್ಲದ್ದು) ಆಗಲು ಸಾಧ್ಯವಿಲ್ಲ. ಸೆಂಡರ್ ಕಟ್ಟುವ ಮೊದಲು ಬೇರೆ ಸರ್ವರಿನಿಂದ ಟೋಕನ್ ತರಬೇಕಾದರೆ ಕನ್‌ಸ್ಟ್ರಕ್ಟರಿನಲ್ಲಿ ಅವೇಟ್ ಮಾಡಲಾಗುವುದಿಲ್ಲ. ಅಸಿಂಕ್ ಫಂಕ್ಷನ್ ಬರೆದು, ಅದರಲ್ಲಿ ಟೋಕನ್ ತಂದು, ಆಮೇಲೆ ಆಬ್ಜೆಕ್ಟ್ ಕಟ್ಟಿ ಕೊಡಬೇಕು. ಒಂದೇ ಬಗೆಯ ಸೆಂಡರ್ ಇದ್ದರೂ ಆಗ ಫ್ಯಾಕ್ಟರಿ ಫಂಕ್ಷನ್ ನ್ಯಾಯವೇ. ಪೈಥಾನ್‌ನ ಇನಿಟ್ ಮೆಥಡ್‌ಗೂ ಇದೇ ಮಿತಿ.

ಹಂತ 6: ಡೆವಲಪ್‌ಮೆಂಟ್‌ಗೆ, ಟೆಸ್ಟ್‌ಗೆ ಬೇರೆ ಸೆಂಡರ್

ನಿಮ್ಮ ಲ್ಯಾಪ್‌ಟಾಪಿನಿಂದ ನಿಜವಾದ ಗ್ರಾಹಕರಿಗೆ ಎಸ್‌ಎಂಎಸ್ ಹೋಗಬಾರದು. ಹಂತ 2ರ ಕರಾರಿನ ಫಲ ಇಲ್ಲಿ ಸಿಗುತ್ತದೆ. ಇನ್ನೆರಡು ಚಿಕ್ಕ ಕ್ಲಾಸ್ ಬರೆಯಿರಿ:

```
ಕ್ಲಾಸ್ ಕನ್ಸೋಲ್_ಸೆಂಡರ್:
    ಕಳಿಸು(ಗ್ರಾಹಕ, ಸಂದೇಶ):
        ಪ್ರಿಂಟ್(ಗ್ರಾಹಕ.ಹೆಸರು, ಸಂದೇಶ.ಬಗೆ, ಸಂದೇಶ.ವಿವರ)

ಕ್ಲಾಸ್ ಮೆಮೊರಿ_ಸೆಂಡರ್:
    ಕಳಿಸಿದ್ದು = []
    ಕಳಿಸು(ಗ್ರಾಹಕ, ಸಂದೇಶ):
        ಕಳಿಸಿದ್ದು.ಸೇರಿಸು([ಗ್ರಾಹಕ, ಸಂದೇಶ])
```

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಬಳಸುವವರಿಗೆ ಇದು ಪರಿಚಯ ಇರಬೇಕು. ಅದರ ಈಮೇಲ್ ವ್ಯವಸ್ಥೆ ಇದೇ ಮಾದರಿ. ಸೆಟ್ಟಿಂಗಿನಲ್ಲಿ ಬ್ಯಾಕೆಂಡ್ ಹೆಸರು ಬರೆದರೆ ಅದನ್ನು ನೋಡಿ ತಕ್ಕ ಕ್ಲಾಸ್ ಕಟ್ಟಿ ಕೊಡುತ್ತದೆ. ಎಸ್‌ಎಂಟಿಪಿ, ಕನ್ಸೋಲ್, ಫೈಲ್, ಮೆಮೊರಿ, ಏನೂ ಮಾಡದ ಡಮ್ಮಿ, ಎಲ್ಲವೂ ಇವೆ. ಟೆಸ್ಟ್ ಓಡಿಸಿದಾಗ ತಾನಾಗಿಯೇ ಮೆಮೊರಿ ಬ್ಯಾಕೆಂಡ್‌ಗೆ ಬದಲಾಗುತ್ತದೆ. ಕಳಿಸಿದ್ದೆಲ್ಲ ಔಟ್‌ಬಾಕ್ಸ್ ಅನ್ನುವ ಪಟ್ಟಿಯಲ್ಲಿ ಸಿಗುತ್ತದೆ. ಫ್ಯಾಕ್ಟರಿ ಕಲಿಯಬೇಕು ಅನ್ನುವವರು ಆ ಭಾಗದ ಸೋರ್ಸ್ ಕೋಡ್ ಒಮ್ಮೆ ಓದಿ. ಚಿಕ್ಕದು, ಬೊಂಬಾಟ್ ಆಗಿದೆ.

ಜೊತೆಗೆ ಒಂದು ಟೆಸ್ಟ್ ಬರೆಯಿರಿ: ರಿಜಿಸ್ಟ್ರಿಯಲ್ಲಿರುವ ಪ್ರತಿ ಹೆಸರಿಗೂ ಸುಳ್ಳು ಸೆಟ್ಟಿಂಗ್ ಕೊಟ್ಟು ಸೆಂಡರ್ ಕಟ್ಟಿ, "ಕಳಿಸು" ಮೆಥಡ್ ಇದೆಯಾ ಅಂತ ನೋಡುವುದು. ನಾಲ್ಕೈದು ಸಾಲು ಅಷ್ಟೇ. ಬರಿ ಜಾವಾಸ್ಕ್ರಿಪ್ಟ್‌ನಲ್ಲಿ ಇಂಟರ್‌ಫೇಸ್ ಇಲ್ಲದ ಕೊರತೆಯನ್ನು ಇದು ತುಂಬುತ್ತದೆ.

ಹಂತ 7: ಫ್ಯಾಕ್ಟರಿಯನ್ನು ಎಲ್ಲಿಂದ ಕರೆಯಬೇಕು

ಫ್ಯಾಕ್ಟರಿ ಬರೆದ ಖುಷಿಯಲ್ಲಿ ಪ್ರತಿ ಕಂಟ್ರೋಲರ್‌ನಲ್ಲೂ (ರಿಕ್ವೆಸ್ಟಿಗೆ ಉತ್ತರ ಕೊಡುವ ಕೋಡ್) ಅದನ್ನು ಇಂಪೋರ್ಟ್ ಮಾಡಬೇಡಿ. ಕಂಟ್ರೋಲರ್‌ಗೆ ಬೇಕಿರುವುದು ಸೆಂಡರ್, ಫ್ಯಾಕ್ಟರಿ ಅಲ್ಲ. ಆ್ಯಪ್ ಶುರುವಾಗುವ ಫೈಲಿನಲ್ಲಿ ಕಟ್ಟಿ, ಬೇಕಾದವರಿಗೆ ಕೊಡಿ:

```
ಫಂಕ್ಷನ್ ಆ್ಯಪ್_ಮಾಡು(ಸೆಟ್ಟಿಂಗ್):
    ಒಟಿಪಿ_ಸೆಂಡರ್ = ಸೆಂಡರ್_ಮಾಡು(ಸೆಟ್ಟಿಂಗ್.ಒಟಿಪಿ_ಚಾನೆಲ್, ಸೆಟ್ಟಿಂಗ್)
    ಬಿಲ್_ಸೆಂಡರ್ = ಸೆಂಡರ್_ಮಾಡು(ಸೆಟ್ಟಿಂಗ್.ಬಿಲ್_ಚಾನೆಲ್, ಸೆಟ್ಟಿಂಗ್)
    ಲಾಗಿನ್ = ಹೊಸ ಲಾಗಿನ್_ಕಂಟ್ರೋಲರ್(ಒಟಿಪಿ_ಸೆಂಡರ್)
    ಆರ್ಡರ್ = ಹೊಸ ಆರ್ಡರ್_ಕಂಟ್ರೋಲರ್(ಬಿಲ್_ಸೆಂಡರ್)
    ಹೊಸ ಆ್ಯಪ್(ಲಾಗಿನ್, ಆರ್ಡರ್) ಕೊಡು
```

ಈ ಫಂಕ್ಷನ್ ಕೂಡ ಒಂದು ಫ್ಯಾಕ್ಟರಿಯೇ. ಪೈಥಾನ್‌ನ ಇನ್ನೊಂದು ಫ್ರೇಮ್‌ವರ್ಕ್ ಫ್ಲಾಸ್ಕ್ ಇದನ್ನು ಆ್ಯಪ್ಲಿಕೇಶನ್ ಫ್ಯಾಕ್ಟರಿ ಅಂತಲೇ ಕರೆಯುತ್ತದೆ. ಕ್ರಿಯೇಟ್_ಆ್ಯಪ್ ಅನ್ನುವ ಹೆಸರಿಟ್ಟರೆ ಫ್ಲಾಸ್ಕ್ ಕಮಾಂಡ್ ತಾನೇ ಹುಡುಕಿಕೊಳ್ಳುತ್ತದೆ. ಟೆಸ್ಟ್‌ಗೆ ಬೇರೆ ಸೆಟ್ಟಿಂಗ್ ಕೊಟ್ಟು ಇನ್ನೊಂದು ಆ್ಯಪ್ ಕಟ್ಟುವುದು ಆಗ ಒಂದು ಸಾಲಿನ ಕೆಲಸ.

ಒಂದು ವಿನಾಯಿತಿ ಇದೆ. ಗ್ರಾಹಕರು ತಮ್ಮ ಪ್ರೊಫೈಲಿನಲ್ಲಿ "ನನಗೆ ವಾಟ್ಸಾಪ್ ಸಾಕು" ಅಂತ ಆರಿಸಬಹುದಾದರೆ, ಚಾನೆಲ್ ಯಾವುದು ಅನ್ನುವುದು ರಿಕ್ವೆಸ್ಟ್ ಬಂದ ಮೇಲೇ ಗೊತ್ತಾಗುತ್ತದೆ. ಆಗ ಕಂಟ್ರೋಲರ್‌ಗೆ ಫ್ಯಾಕ್ಟರಿಯನ್ನೇ ಕೊಡಬೇಕಾಗುತ್ತದೆ. ಆಗಲೂ ಹೊರಗಿನಿಂದ ಕೊಡಿ, ಇಂಪೋರ್ಟ್ ಬೇಡ.

ಫ್ಯಾಕ್ಟರಿ ಮೆಥಡ್, ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ: ಇಂಟರ್‌ವ್ಯೂ ಪ್ರಶ್ನೆ

1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೀಸ್ ಸೇರಿ ಪಟ್ಟಿ ಮಾಡಿದ 23 ಪ್ಯಾಟರ್ನ್‌ಗಳಲ್ಲಿ ಫ್ಯಾಕ್ಟರಿ ಮೆಥಡ್ ಮತ್ತು ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ ಇವೆ. ನಾವು ಈಗ ಬರೆದದ್ದು ಎರಡೂ ಅಲ್ಲ. ಇದನ್ನು ಸಿಂಪಲ್ ಫ್ಯಾಕ್ಟರಿ ಅನ್ನುತ್ತಾರೆ, ಅದು ಆ 23ರಲ್ಲಿ ಇಲ್ಲ. ವೆಬ್ ಕೆಲಸದಲ್ಲಿ ಜಾಸ್ತಿ ಬಳಕೆಯಾಗುವುದು ಮಾತ್ರ ಇದೇ.

ಫ್ಯಾಕ್ಟರಿ ಮೆಥಡ್‌ನಲ್ಲಿ ಬೇಸ್ ಕ್ಲಾಸ್ ಒಂದು ಖಾಲಿ ಮೆಥಡ್ ಬಿಟ್ಟಿರುತ್ತದೆ. ಯಾವ ಆಬ್ಜೆಕ್ಟ್ ಕಟ್ಟಬೇಕು ಅಂತ ಸಬ್‌ಕ್ಲಾಸ್ ತೀರ್ಮಾನಿಸುತ್ತದೆ. ಫ್ರೇಮ್‌ವರ್ಕ್ ಬರೆಯುವವರಿಗೆ ಇದು ಬೇಕು, ಆ್ಯಪ್ ಬರೆಯುವವರಿಗೆ ಅಪರೂಪ.

ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ ಬೇಕಾಗುವುದು ಒಂದಕ್ಕೊಂದು ಹೊಂದಬೇಕಾದ ಆಬ್ಜೆಕ್ಟ್‌ಗಳ ಗುಂಪು ಇದ್ದಾಗ. ಪೇಮೆಂಟ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಪೇಮೆಂಟ್ ಗೇಟ್‌ವೇಗೆ ಹಣ ಪಡೆಯುವ ಆಬ್ಜೆಕ್ಟ್, ಹಣ ವಾಪಸ್ ಮಾಡುವ ಆಬ್ಜೆಕ್ಟ್, ವೆಬ್‌ಹುಕ್ ("ಹಣ ಬಂತು" ಅಂತ ಗೇಟ್‌ವೇ ನಮ್ಮ ಸರ್ವರಿಗೆ ಕಳಿಸುವ ಸುದ್ದಿ) ಸಹಿ ಪರೀಕ್ಷಿಸುವ ಆಬ್ಜೆಕ್ಟ್ ಮೂರೂ ಬೇಕು. ಒಂದು ಗೇಟ್‌ವೇಯಲ್ಲಿ ಹಣ ಪಡೆದು ಇನ್ನೊಂದರ ಸೀಕ್ರೆಟ್‌ನಿಂದ ವೆಬ್‌ಹುಕ್ ಸಹಿ ನೋಡಿದರೆ ಹೊಂದುವುದಿಲ್ಲ. ಹಣ ಬಂದಿರುತ್ತದೆ, ಆರ್ಡರ್ ಮಾತ್ರ "ಬಾಕಿ" ಅಂತ ತೋರಿಸುತ್ತಿರುತ್ತದೆ. ಮೂರನ್ನೂ ಒಂದೇ ಫ್ಯಾಕ್ಟರಿ ಆಬ್ಜೆಕ್ಟಿನಿಂದ ಪಡೆದರೆ ಬೆರಕೆಯಾಗುವ ಅವಕಾಶವೇ ಇರುವುದಿಲ್ಲ.

ಹಂತ 8: ಎಸ್‌ಎಂಎಸ್ ಹೋಗದಿದ್ದರೆ ವಾಟ್ಸಾಪ್

ಈ ಬೇಡಿಕೆ ಬಂದೇ ಬರುತ್ತದೆ. ಟ್ರೈ-ಕ್ಯಾಚ್ ಹಾಕಿ ಕಂಟ್ರೋಲರ್‌ನಲ್ಲೇ ಮುಗಿಸುವ ಆಸೆಯಾಗುತ್ತದೆ. ಬೇಡ. ಅದೇ ಕರಾರಿನ ಇನ್ನೊಂದು ಸೆಂಡರ್ ಬರೆಯಿರಿ:

```
ಕ್ಲಾಸ್ ಸರದಿ_ಸೆಂಡರ್:
    ಶುರು(ಸೆಂಡರ್‌ಗಳು): ಇದರ.ಪಟ್ಟಿ = ಸೆಂಡರ್‌ಗಳು
    ಕಳಿಸು(ಗ್ರಾಹಕ, ಸಂದೇಶ):
        ಪಟ್ಟಿಯ ಪ್ರತಿ ಸೆಂಡರ್‌ಗೂ:
            ಕಳಿಸಿ ನೋಡು, ಹೋದರೆ ನಿಲ್ಲಿಸು, ಎರರ್ ಬಂದರೆ ಲಾಗ್ ಮಾಡಿ ಮುಂದಿನದು
        ಯಾವುದೂ ಆಗದಿದ್ದರೆ ಎರರ್ ಎಸೆ
```

"ಎಸ್‌ಎಂಎಸ್_ಆಮೇಲೆ_ವಾಟ್ಸಾಪ್" ಅನ್ನುವ ಹೆಸರಿನಲ್ಲಿ ಇದನ್ನು ಕಟ್ಟುವುದು ಹೇಗೆ ಅಂತ ಫ್ಯಾಕ್ಟರಿಗೆ ಗೊತ್ತಿರಲಿ. ಲಾಗಿನ್ ಕಂಟ್ರೋಲರ್ ಎಂದಿನಂತೆ "ಕಳಿಸು" ಅನ್ನುತ್ತದೆ, ಒಳಗೆ ಎರಡು ಸೆಂಡರ್ ಇವೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಮಿತಿ ನೆನಪಿರಲಿ. ಎಸ್‌ಎಂಎಸ್ ಎಪಿಐ "ಸರಿ" ಅಂದರೆ ಮೆಸೇಜ್ ಸ್ವೀಕರಿಸಿದೆ ಅಂತ ಮಾತ್ರ ಅರ್ಥ, ಫೋನಿಗೆ ತಲುಪಿತು ಅಂತಲ್ಲ. ತಲುಪಿದ್ದರ ವರದಿ ಆಮೇಲೆ ಬೇರೆಯಾಗಿ ಬರುತ್ತದೆ. ಅದನ್ನು ನೋಡಿ ಮತ್ತೆ ಕಳಿಸುವುದು ಕ್ಯೂ (ಕೆಲಸಗಳ ಸರದಿ) ಮತ್ತು ಅದನ್ನು ಹಿನ್ನೆಲೆಯಲ್ಲಿ ಮುಗಿಸುವ ವರ್ಕರ್‌ನ ಕೆಲಸ, ಫ್ಯಾಕ್ಟರಿಗೆ ಹೊರಿಸಬೇಡಿ.

ಹಂತ 9: ಸರಿಯಾಗಿದೆಯಾ ಅಂತ ನೋಡುವುದು

ಹೊಸ ಬ್ರಾಂಚ್ ಮಾಡಿ, ಟೆಲಿಗ್ರಾಂ ಸೆಂಡರ್ ಒಂದನ್ನು ಸೇರಿಸಿ ನೋಡಿ. ನಿಜಕ್ಕೂ ಬೇಕಿಲ್ಲದಿದ್ದರೂ ಪರವಾಗಿಲ್ಲ, ಪರೀಕ್ಷೆಗಷ್ಟೇ. ಗ್ರಾಹಕನ ಟೆಲಿಗ್ರಾಂ ಐಡಿ ಇಡಲು ಗ್ರಾಹಕ ಆಬ್ಜೆಕ್ಟಿಗೆ ಒಂದು ಫೀಲ್ಡ್ ಸೇರಿಸಬೇಕಾಗುತ್ತದೆ, ಅದು ಸಹಜ. ಆಮೇಲೆ ಗಿಟ್ ಡಿಫ್ (ಏನೇನು ಬದಲಾಯಿತು ಅನ್ನುವ ಪಟ್ಟಿ) ತೆಗೆಯಿರಿ. ಆ ಫೀಲ್ಡ್ ಬಿಟ್ಟರೆ ಅಲ್ಲಿ ಕಾಣಬೇಕಾದ್ದು ಒಂದು ಹೊಸ ಫೈಲ್, ರಿಜಿಸ್ಟ್ರಿಯಲ್ಲಿ ಒಂದು ಸಾಲು, ಸೆಟ್ಟಿಂಗ್ ಫೈಲಿನಲ್ಲಿ ಬಾಟ್ ಟೋಕನ್‌ಗೆ ಒಂದು ಸಾಲು. ಕಂಟ್ರೋಲರ್ ಫೋಲ್ಡರಿನ ಯಾವುದಾದರೂ ಫೈಲ್ ಡಿಫ್‌ನಲ್ಲಿ ಬಂದಿದ್ದರೆ ಫ್ಯಾಕ್ಟರಿಯನ್ನು ತಿದ್ದಲು ಹೋಗಬೇಡಿ. ಹಂತ 2ಕ್ಕೆ ಹಿಂತಿರುಗಿ, ಕರಾರಿನಲ್ಲಿ ಯಾವ ಚಾನೆಲ್‌ನ ವಿವರ ಸೋರಿ ಹೊರಗೆ ಬಂದಿದೆ ಅಂತ ಹುಡುಕಿ.